ಬೇಸಗೆಯ ಊಟಕ್ಕೆ ಭರಣಿಯ ಮಿಡಿ

ದಿಲ್ಲಿಯ ಬಿಸಿಗಾಳಿಯ ದಿನಗಳಲ್ಲಿ ಒಲೆಯ ಮುಂದೆ ನಿಲ್ಲುವುದೆಂದರೆ ತಪಸ್ಸೇ ಸರಿ. ಆಗ ನಮ್ಮ ಕೈಹಿಡಿಯುವುದು ಊರಿನಿಂದ ಬಂದ ಅಪ್ಪೆಮಿಡಿಯ ಭರಣಿ. ಶಿರಸಿ, ಸಾಗರದ ಕಡೆ ಹೊಳೆದಂಡೆಯ ಮರಗಳ ಮಿಡಿಗಳನ್ನು ತೊಟ್ಟುಸಹಿತ ಕೊಯ್ದು, ಸುಕ್ಕುಗಟ್ಟುವವರೆಗೆ ಹರಳುಪ್ಪಿನಲ್ಲಿಟ್ಟು, ಸಾಸಿವೆ-ಮೆಣಸಿನ ಖಾರ ಕಲಸುತ್ತಾರೆ. ಒದ್ದೆ ಸೌಟು ತಾಗದಿದ್ದರೆ ವರ್ಷ ಕಳೆದರೂ ಕೆಡದು.

ಕಚೇರಿಯ ಡಬ್ಬಿಗೆ ಮೊಸರನ್ನ, ಒಂದು ಮಿಡಿ. ಸಂಜೆ ತೆಳು ಅವಲಕ್ಕಿಗೆ ಉಪ್ಪಿನಕಾಯಿಯ ರಸ, ಕಾಯಿತುರಿ, ಚೂರು ಬೆಲ್ಲ, ಒಂದು ಚಮಚ ಕೊಬ್ಬರಿಎಣ್ಣೆ. ಕಲಸಿ ಹತ್ತು ನಿಮಿಷ ಬಿಟ್ಟರೆ ತಿಂಡಿ ಸಿದ್ಧ. ಖಾರ ಬೆರೆಸದ ಉಪ್ಪುಮಿಡಿ ಎರಡನ್ನು ಓಟೆ ತೆಗೆದು, ಹಿಡಿ ಕಾಯಿತುರಿಯೊಡನೆ ಅರೆದು, ಎರಡು ಲೋಟ ಮಜ್ಜಿಗೆಯಲ್ಲಿ ಕದಡಿ, ಇಂಗು-ಸಾಸಿವೆಯ ಒಗ್ಗರಣೆ ಕೊಟ್ಟರೆ ತಂಬುಳಿ. ಕುದಿಸುವ ಮಾತೇ ಇಲ್ಲ. ರುಚಿ ನೋಡದೆ ಉಪ್ಪು ಹಾಕಬೇಡಿರಿ!

ಈ ಸಲ ಹೊಸ ಭರಣಿ ಬರಲಿಲ್ಲ, ಅಮ್ಮನಿಗೆ ಕೈನಡುಕ. ಇಷ್ಟು ವರ್ಷ ತಿಂದೆವೇ ಹೊರತು ಉಪ್ಪಿನ ಅಳತೆ ಕೇಳಿರಲಿಲ್ಲ. ಈಗ ಕೇಳಿದರೆ, "ಅದು ಕೈಯಳತೆ, ಹೇಳಲು ಬಾರದು. ಬಂದು ನೋಡಿ" ಎಂದಳು. ಮುಂದಿನ ಫಾಲ್ಗುಣಕ್ಕೆ ರಜೆ ಕೇಳಲಿದ್ದೇವೆ. ಹಳೆಯ ಭರಣಿಯ ತಳದಲ್ಲಿ ಏಳು ಮಿಡಿ ಉಳಿದಿವೆ. ವಾಚಕ ಬಂಧುಗಳೆ, ನಿಮ್ಮ ಮನೆಯ ಹಿರಿಯರನ್ನೂ ಈಗಲೇ ಕೇಳಿಟ್ಟುಕೊಳ್ಳಿರಿ.