ಪ್ರಶ್ನೆಗೆ ಬೆಲೆ ಕೊಟ್ಟ ಟಿವಿ ಕಾರ್ಯಕ್ರಮ: ‘ಟರ್ನಿಂಗ್ ಪಾಯಿಂಟ್’ ಕಲಿಸಿದ ಪಾಠ ಇಂದಿಗೂ ಯಾಕೆ ಬೇಕು?

1995ರ ಅಕ್ಟೋಬರ್ 24. ದೀಪಾವಳಿಯ ಮರುದಿನ ಬೆಳಗ್ಗೆ. ರಾಜಸ್ಥಾನದಿಂದ ಬಂಗಾಳದವರೆಗೆ ಒಂದು ಕಿರಿದಾದ ಪಟ್ಟಿಯಲ್ಲಿ ಸೂರ್ಯ ಪೂರ್ತಿ ಮರೆಯಾದ. ಕರಾವಳಿಯಲ್ಲಿ ಕಂಡದ್ದು ಭಾಗಶಃ ಗ್ರಹಣ ಮಾತ್ರ. ಆದರೂ ದೇಶದ ಮೂಲೆಮೂಲೆಯ ಜನ ಪೂರ್ಣ ಗ್ರಹಣವನ್ನು ನೋಡಿದರು, ದೂರದರ್ಶನದ ನೇರಪ್ರಸಾರದಲ್ಲಿ. ಬೆಳ್ಳಿಕೂದಲಿನ ಹಿರಿಯರೊಬ್ಬರು ಏನಾಗುತ್ತಿದೆ, ಯಾಕಾಗುತ್ತಿದೆ ಅಂತ ಮನೆಯ ಅಜ್ಜ ಕತೆ ಹೇಳಿದ ಹಾಗೆ ವಿವರಿಸುತ್ತಿದ್ದರು. ಅವರು ಪ್ರೊಫೆಸರ್ ಯಶ್ ಪಾಲ್.

ಆ ಹೊತ್ತಿಗೆ ಯಶ್ ಪಾಲ್ ಟಿವಿ ನೋಡುವವರಿಗೆ ಹೊಸಬರಲ್ಲ. 90ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಪತ್ರಿಕಾ ಕಾರ್ಯಕ್ರಮ ಅವರನ್ನು ಮನೆಮನೆಗೂ ಪರಿಚಯಿಸಿತ್ತು. ಇಂದಿನ ಯುವಕರಲ್ಲಿ ಹೆಚ್ಚಿನವರಿಗೆ ಈ ಹೆಸರೇ ಗೊತ್ತಿರಲಿಕ್ಕಿಲ್ಲ. ಆದರೆ ಕೈಯಲ್ಲಿರುವ ಮೊಬೈಲಿಗೆ ದಿನಕ್ಕೆ ಹತ್ತು ‘ವಿಜ್ಞಾನದ ಸುದ್ದಿ’ ಬಂದು ಬೀಳುವ ಈ ಕಾಲದಲ್ಲಿ ಅದನ್ನು ನೆನಪಿಸಿಕೊಳ್ಳಲು ಕಾರಣ ಇದೆ.

ನಾಟಕಕಾರ ಮತ್ತು ವಿಜ್ಞಾನಿ

ಸುದ್ದಿ ಪತ್ರಿಕೆಯಲ್ಲಿ ಬೇರೆ ಬೇರೆ ಲೇಖನಗಳಿರುವ ಹಾಗೆ ಇಂಥ ಕಾರ್ಯಕ್ರಮದಲ್ಲೂ ಚಿಕ್ಕ ಚಿಕ್ಕ ತುಣುಕುಗಳಿರುತ್ತವೆ. ಒಂದರಲ್ಲಿ ಹೊಸ ಸಂಶೋಧನೆ, ಇನ್ನೊಂದರಲ್ಲಿ ಹೊಸ ಯಂತ್ರ, ಮತ್ತೊಂದರಲ್ಲಿ ವೈದ್ಯಕೀಯ ಅಥವಾ ಪರಿಸರದ ವಿಷಯ. ಬ್ರಿಟನ್ನಿನ ಬಿಬಿಸಿ 1965ರಲ್ಲೇ ‘ಟುಮಾರೋಸ್ ವರ್ಲ್ಡ್’ ಎಂಬ ಹೆಸರಿನಲ್ಲಿ ಈ ಮಾದರಿಯನ್ನು ಶುರು ಮಾಡಿ 2003ರವರೆಗೆ ನಡೆಸಿತು. ಅಮೆರಿಕದ ಪಿಬಿಎಸ್ 2005ರಲ್ಲಿ ‘ನೋವಾ ಸೈನ್ಸ್‌ನೌ’ ಆರಂಭಿಸಿತು.

ನಮ್ಮ ‘ಟರ್ನಿಂಗ್ ಪಾಯಿಂಟ್’ ಅನ್ನು ನಡೆಸಿಕೊಟ್ಟವರಲ್ಲಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಗಿರೀಶ್ ಕಾರ್ನಾಡ್ ಒಬ್ಬರು. ‘ತುಘಲಕ್’, ‘ಹಯವದನ’ ಬರೆದ ನಾಟಕಕಾರನಿಗೆ ವಿಜ್ಞಾನ ಕಾರ್ಯಕ್ರಮದಲ್ಲಿ ಏನು ಕೆಲಸ ಅಂತ ಕೇಳಬಹುದು. ಕಾರ್ನಾಡ್ ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರು ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು ಬೇರೆಯೇ ಇದೆ. ನಿರೂಪಕ ವಿಜ್ಞಾನಿಯಲ್ಲದಿದ್ದರೆ ಅವನು ನೋಡುಗರ ಪಕ್ಕದಲ್ಲಿ ನಿಲ್ಲುತ್ತಾನೆ. ನೋಡುಗನಿಗೆ ಅರ್ಥವಾಗದ್ದು ಅವನಿಗೂ ಅರ್ಥವಾಗಬೇಕಾಗಿಲ್ಲ. “ಇದನ್ನು ಸ್ವಲ್ಪ ಬಿಡಿಸಿ ಹೇಳಿ” ಅಂತ ಕೇಳಲು ಅವನಿಗೆ ನಾಚಿಕೆ ಬೇಕಿಲ್ಲ.

ಬಿಡಿಸಿ ಹೇಳುವ ಕೆಲಸ ಯಶ್ ಪಾಲ್ ಅವರದ್ದು. ವೀಕ್ಷಕರು ಕೇಳಿದ ಪ್ರಶ್ನೆಗಳಿಗೆ ಅವರು ಸಾಮಾನ್ಯರ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ಕಾಸ್ಮಿಕ್ ಕಿರಣಗಳ ಬಗ್ಗೆ ಸಂಶೋಧನೆ ಮಾಡಿದ, ಯುಜಿಸಿ ಅಧ್ಯಕ್ಷರಾಗಿದ್ದ ವ್ಯಕ್ತಿ ಶಾಲೆ ಮಕ್ಕಳ ಪ್ರಶ್ನೆಗೂ ಅಷ್ಟೇ ಗಂಭೀರವಾಗಿ ಕಿವಿಗೊಡುತ್ತಿದ್ದರು. ‘ಇದೆಂಥ ಪ್ರಶ್ನೆ’ ಅಂತ ಯಾರನ್ನೂ ಸಣ್ಣದು ಮಾಡಲಿಲ್ಲ. ಶಾಲೆ ಚೀಲದ ಹೊರೆ ಇಳಿಸಬೇಕು, ಬಾಯಿಪಾಠಕ್ಕಿಂತ ಅರ್ಥ ಮಾಡಿಕೊಳ್ಳುವುದು ಮುಖ್ಯ ಎಂದು 1993ರಲ್ಲಿ ಸರಕಾರಕ್ಕೆ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಇವರೇ. ವಿಜ್ಞಾನವನ್ನು ಜನರಿಗೆ ತಲುಪಿಸಿದ್ದಕ್ಕೆ 2009ರಲ್ಲಿ ಯುನೆಸ್ಕೋದ ಕಳಿಂಗ ಪ್ರಶಸ್ತಿ ಅವರಿಗೆ ಬಂತು. 2017ರ ಜುಲೈಯಲ್ಲಿ ತೀರಿಕೊಂಡರು. ಕಾರ್ನಾಡ್ 2019ರ ಜೂನ್‌ನಲ್ಲಿ ಹೋದರು.

ಬೇರು ಇರುವುದು ಹಳ್ಳಿಯಲ್ಲಿ

ಯಶ್ ಪಾಲ್ ಟಿವಿಗೆ ಬಂದದ್ದು ಹೆಸರು ಮಾಡಲು ಅಲ್ಲ. 1973ರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಮೊದಲ ನಿರ್ದೇಶಕರಾದಾಗ ಅವರ ಮುಂದಿದ್ದದ್ದು ‘ಸೈಟ್’ ಎಂಬ ದೊಡ್ಡ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸಲಾಯಿತು. ಅದರಲ್ಲಿ ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳೂ ಇದ್ದವು. ಕನ್ನಡದಲ್ಲೂ ಕಾರ್ಯಕ್ರಮ ಬರುತ್ತಿತ್ತು.

ಊರಿಗೊಂದು ಟಿವಿ. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ವಿಜ್ಞಾನ. ಕರೆಂಟೇ ಸರಿಯಾಗಿಲ್ಲದ ಊರಿಗೆ ಉಪಗ್ರಹದ ಟಿವಿ ಯಾಕೆ ಅಂತ ಕೇಳಿದವರಿದ್ದರು. ಹಳ್ಳಿಯವನಿಗೂ ಹೊಸ ಜ್ಞಾನದ ಹಕ್ಕಿದೆ ಎಂಬುದೇ ಆ ಪ್ರಯೋಗದ ಉತ್ತರವಾಗಿತ್ತು. ‘ಟರ್ನಿಂಗ್ ಪಾಯಿಂಟ್’ ಅದೇ ದಾರಿಯಲ್ಲಿ ಮುಂದಿಟ್ಟ ಹೆಜ್ಜೆ.

ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ?

ವಿಜ್ಞಾನ ಅಂದರೆ ನಮಗೆ ಸಂಬಂಧವಿಲ್ಲದ ವಿಷಯ, ಪರೀಕ್ಷೆ ಮುಗಿದರೆ ಮುಗಿಯಿತು ಅಂತ ಅಂದುಕೊಳ್ಳುವವರು ಕಾಸರಗೋಡಿನ ಗೇರು ತೋಟಗಳನ್ನು ನೆನಪಿಸಿಕೊಳ್ಳಬೇಕು. ಎಣ್ಮಕಜೆಯ ಪಡ್ರೆಯಂಥ ಊರುಗಳ ಮೇಲೆ 70ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಹುಟ್ಟುವ ಮಕ್ಕಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಮನೆಮನೆಯಲ್ಲಿ ಕಾಯಿಲೆ. ‘ನಮ್ಮ ಊರಲ್ಲೇ ಯಾಕೆ ಹೀಗೆ?’ ಅಂತ ಮೊದಲು ಕೇಳಿದ್ದು ದೊಡ್ಡ ಪ್ರಯೋಗಾಲಯಗಳಲ್ಲ. ಅಲ್ಲಿಯ ತಾಯಂದಿರು, ಊರಿನ ವೈದ್ಯರು, ಸ್ಥಳೀಯ ಪತ್ರಕರ್ತರು. ತಜ್ಞರ ಸಮಿತಿಗಳು ಬಂದದ್ದು ಆಮೇಲೆ. ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಷೇಧಿಸಿದ್ದು 2011ರಲ್ಲಿ.

ಸಾಮಾನ್ಯ ಮನುಷ್ಯನ ಪ್ರಶ್ನೆಗೆ ಇಷ್ಟು ಬೆಲೆ ಇದೆ. ಪ್ರಶ್ನೆ ಕೇಳುವ ಅಭ್ಯಾಸ ಇಲ್ಲದ ಊರಲ್ಲಿ ವಿಷ ಇನ್ನಷ್ಟು ವರ್ಷ ಸುರಿಯುತ್ತದೆ.

ಗ್ರಹಣದ ದಿನ ಬೇರೆ ಕಿರಣ ಬರುತ್ತಾ?

ಇನ್ನು ಮತ್ತೆ ಗ್ರಹಣಕ್ಕೆ ಬರೋಣ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಕಾಸರಗೋಡಿನ ಚೆರುವತ್ತೂರು, ಮಂಗಳೂರು, ಕೊಡಗು, ವಯನಾಡಿನ ಮೂಲಕವೇ ಹಾದುಹೋಯಿತು. ಬೆಳಗ್ಗೆ ಒಂಬತ್ತೂವರೆಯ ಆಸುಪಾಸಿನಲ್ಲಿ ಸೂರ್ಯ ಬೆಂಕಿಯ ಬಳೆಯಾದ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಸುಮಾರು 400 ಪಟ್ಟು ದೂರ. ಹಾಗಾಗಿ ಎರಡೂ ಒಂದೇ ಗಾತ್ರ ಕಾಣುತ್ತವೆ. ಚಂದ್ರ ಸ್ವಲ್ಪ ದೂರದಲ್ಲಿದ್ದರೆ ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಬಳೆ ಉಳಿಯುತ್ತದೆ. ಹತ್ತಿರವಿದ್ದರೆ 1995ರ ಹಾಗೆ ಪೂರ್ಣ ಗ್ರಹಣ.

“ಉಮ್ಮಾ, ಗ್ರಹಣದ ದಿನ ಸೂರ್ಯನಿಂದ ಬೇರೆ ಕಿರಣ ಬರುತ್ತಾ?” ಅಂತ ಮಗು ಕೇಳಿದರೆ ಉತ್ತರ ಸರಳ: ಇಲ್ಲ, ಎಲ್ಲ ದಿನದ ಅದೇ ಕಿರಣ. ಹಾಗಾದರೆ ನೋಡಬಾರದು ಅಂತ ಯಾಕೆ ಹೇಳುತ್ತಾರೆ? ಬೇರೆ ದಿನ ಸೂರ್ಯನನ್ನು ದಿಟ್ಟಿಸಲು ಕಣ್ಣೇ ಬಿಡುವುದಿಲ್ಲ. ಗ್ರಹಣದಲ್ಲಿ ಬೆಳಕು ಕಡಿಮೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಜನ ದಿಟ್ಟಿಸಿ ನೋಡುತ್ತಾರೆ. ಉಳಿದ ಸಣ್ಣ ತುಂಡು ಸೂರ್ಯನೂ ರೆಟಿನಾವನ್ನು ಸುಡಬಲ್ಲದು. ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ, ಹಾನಿ ಆಮೇಲೆ ತಿಳಿಯುತ್ತದೆ. ಎಕ್ಸ್-ರೇ ಫಿಲ್ಮ್, ಕೂಲಿಂಗ್ ಗ್ಲಾಸ್ ಸಾಲದು, ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಬೇಕು. ಏನೂ ಇಲ್ಲದಿದ್ದರೆ ಮರದ ಕೆಳಗೆ ನೆಲ ನೋಡಿದರೆ ಸಾಕು. ಎಲೆಗಳ ಸಂದಿಯಿಂದ ಬೀಳುವ ಪ್ರತಿ ಬೆಳಕಿನ ಚುಕ್ಕೆಯೂ ಒಂದೊಂದು ಕತ್ತರಿಸಿದ ಸೂರ್ಯನಾಗಿರುತ್ತದೆ.

ಹೀಗೆ ಒಂದು ಭಯವನ್ನು ಬಿಡಿಸಿದಾಗ ಅದರೊಳಗೆ ಸತ್ಯ ಎಷ್ಟು, ಸುಳ್ಳು ಎಷ್ಟು ಅಂತ ಗೊತ್ತಾಗುತ್ತದೆ. ‘ಟರ್ನಿಂಗ್ ಪಾಯಿಂಟ್’ ಮಾಡಿದ್ದೂ ಇದನ್ನೇ.

ಇನ್ನು ನಿರೂಪಕರು ನಾವೇ

ಅಂದು ಒಂದೇ ಚಾನೆಲ್, ವಾರಕ್ಕೊಮ್ಮೆ ಕಾಯಬೇಕು. ಇಂದು ಕಾಯಬೇಕಿಲ್ಲ, ಆದರೆ ಬಿಡಿಸಿ ಹೇಳುವ ಹಿರಿಯರು ಪರದೆಯಲ್ಲಿಲ್ಲ. ಫ್ಯಾಮಿಲಿ ಗ್ರೂಪಿಗೆ ಬಂದ ‘ವಿಜ್ಞಾನಿಗಳು ಹೇಳಿದ್ದಾರೆ’ ಎಂಬ ಮೆಸೇಜನ್ನು ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಸಾಕು. ಯಾವ ವಿಜ್ಞಾನಿ, ಎಲ್ಲಿ ಹೇಳಿದ್ದು? ಅವರಿಗೆ ಗೊತ್ತಾದದ್ದು ಹೇಗೆ? ಬೇರೆ ತಿಳಿದವರು ಒಪ್ಪುತ್ತಾರಾ? ಉತ್ತರ ಸಿಗದಿದ್ದರೆ ಅಲ್ಲೇ ನಿಲ್ಲಿಸಿದರಾಯಿತು.

ಪರೀಕ್ಷೆ ಮಾಡಿ ನೋಡಲು ಒಂದು ದಿನಾಂಕವೂ ಇದೆ. 2027ರ ಆಗಸ್ಟ್ 2ರ ಪೂರ್ಣ ಸೂರ್ಯಗ್ರಹಣದ ಪಟ್ಟಿ ಸ್ಪೇನ್, ಈಜಿಪ್ಟ್ ದಾಟಿ ಜಿದ್ದಾ, ಮಕ್ಕಾದ ಮೇಲೆ ಹಾದುಹೋಗುತ್ತದೆ. ಜಿದ್ದಾದಲ್ಲಿ ಐದು ನಿಮಿಷಕ್ಕೂ ಹೆಚ್ಚು ಕಾಲ ಹಗಲು ಕತ್ತಲಾಗುತ್ತದೆ. ಸೂರ್ಯ ಪೂರ್ತಿ ಮುಚ್ಚಿದ ಆ ನಿಮಿಷಗಳನ್ನು ಬಿಟ್ಟು ಮೊದಲೂ ಕೊನೆಯೂ ಕನ್ನಡಕ ಬೇಕೇ ಬೇಕು. ನಮ್ಮ ಕರಾವಳಿಯಲ್ಲಿ ಮಳೆಮೋಡ ಬಿಟ್ಟುಕೊಟ್ಟರೆ ಸಂಜೆ ಹೊತ್ತಿಗೆ ಭಾಗಶಃ ಗ್ರಹಣ ಕಾಣುತ್ತದೆ.

ಅಲ್ಲಿರುವ ಉಪ್ಪ, ಕಾಕ, ಅಣ್ಣಂದಿರು ವೀಡಿಯೊ ಕಾಲ್ ಮಾಡುತ್ತಾರೆ, ಇಲ್ಲಿಯ ಮಕ್ಕಳು ಪ್ರಶ್ನೆ ಕೇಳುತ್ತಾರೆ. ‘ಸುಮ್ಮನಿರು, ಒಳಗೆ ಹೋಗು’ ಅನ್ನುವ ಬದಲು ಯಾರಾದರೊಬ್ಬರು ಕೂತು ಉತ್ತರ ಕೊಡಲಿ. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಇಬ್ಬರೂ ಸೇರಿ ಹುಡುಕೋಣ’ ಅನ್ನಲಿ. ಅಷ್ಟಾದರೆ ಸಾಕು.