ಸರ್ಕಾರದ ಸಹಾಯಧನದಲ್ಲಿ ಮೋಸ: ತಡೆಯುವ ಕ್ರಮ, ತಿಳಿಸುವ ಕ್ರಮ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿ ರಾಗಿ, ಜೋಳ ಮುಂತಾದುವನ್ನು ಬೆಳೆಯುವ ಸಣ್ಣ ಹಿಡುವಳಿದಾರರು ಬಹು ಮಂದಿ ಇರುವರು. ಬಿತ್ತನೆಯ ಕಾಲದಲ್ಲಿ ಕೈಗೆ ಬರುವ ಎರಡು ಸಾವಿರ ರೂಪಾಯಿಗಳು ಇವರಿಗೆ ಬೀಜಕ್ಕೋ ಗೊಬ್ಬರಕ್ಕೋ ಒದಗಿ, ಬಡ್ಡಿಯ ಸಾಲವನ್ನು ತಪ್ಪಿಸುವುವು. ಇಂಥ ಹಣವು ಅನರ್ಹರ ಪಾಲಾಗದಂತೆ ನೋಡಿಕೊಳ್ಳುವುದರಲ್ಲಿ ಗ್ರಾಮದ ಯಜಮಾನರಿಗೂ ಭೂಮಾಲೀಕರಿಗೂ ಮುಖ್ಯವಾದ ಪಾತ್ರವುಂಟು.

ಯಾರು ಅರ್ಹರು

ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ೨೦೧೯ನೆಯ ಇಸವಿ ಫೆಬ್ರವರಿಯಲ್ಲಿ ಆರಂಭವಾಯಿತು. ಸಾಗುವಳಿ ಭೂಮಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ ೬,೦೦೦ ರೂಪಾಯಿಗಳು ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿನ ಖಾತೆಗೆ ಸಂದಾಯವಾಗುವುವು. ಗಂಡ, ಹೆಂಡತಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳು ಸೇರಿ ಒಂದು ಕುಟುಂಬವೆಂದು ಲೆಕ್ಕ. ವರಮಾನ ತೆರಿಗೆ ಕೊಡುವವರು, ಕೊನೆಯ ದರ್ಜೆಯವರ ಹೊರತು ಸರ್ಕಾರಿ ನೌಕರರು, ವೃತ್ತಿನಿರತ ವಕೀಲರು, ವೈದ್ಯರು ಮುಂತಾದವರು ಅರ್ಹರಲ್ಲ. ನಿಯಮದಂತೆ ಅಧಿಕಾರಿಗಳು ನೂರಕ್ಕೆ ಐದು ಮಂದಿಯನ್ನು ಸ್ಥಳದಲ್ಲಿ ತಪಾಸಣೆ ಮಾಡತಕ್ಕದ್ದು. ಉಳಿದ ತೊಂಬತ್ತೈದು ಮಂದಿಯ ನಿಜಸ್ಥಿತಿಯನ್ನು ಬಲ್ಲವರು ಊರಿನವರೇ.

ನೆರೆಯ ನಾಡಿನ ನಿದರ್ಶನ

೧೯೫೬ನೆಯ ಇಸವಿಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಸೀಮೆಗೆ ತಮಿಳುನಾಡು ದೂರದ್ದಲ್ಲ. ಅಲ್ಲಿ ೨೦೨೦ನೆಯ ಇಸವಿ ಆಗಸ್ಟಿನಲ್ಲಿ ಈ ಯೋಜನೆಯಲ್ಲಿಯೇ ದೊಡ್ಡ ಮೋಸವೊಂದು ಬಯಲಾಯಿತು. ಸುಮಾರು ಐದೂವರೆ ಲಕ್ಷ ಅನರ್ಹರ ಹೆಸರುಗಳು ಪಟ್ಟಿಗೆ ಸೇರಿ, ಸುಮಾರು ೧೧೦ ಕೋಟಿ ರೂಪಾಯಿಗಳು ಸಂದಾಯವಾಗಿದ್ದುವು. ಅಧಿಕಾರಿಗಳ ಗುಪ್ತಪದಗಳು ಹೊರಗಿನವರ ಕೈಗೆ ಸಿಕ್ಕಿದ್ದುವು. ದಲ್ಲಾಳಿಗಳೂ ಕಂಪ್ಯೂಟರ್ ಕೇಂದ್ರದವರೂ ಅವನ್ನು ಬಳಸಿ ಭೂಮಿಯಿಲ್ಲದವರನ್ನು ರೈತರೆಂದು ಬರೆಯಿಸಿದರು. ಕೊರೋನಾ ಪರಿಹಾರವೆಂದು ನಂಬಿ ಕಾಗದಗಳನ್ನು ಕೊಟ್ಟ ಬಡವರೂ ಅವರಲ್ಲಿ ಇದ್ದರು. ಬಳಿಕ ಸರ್ಕಾರದವರು ಹಣವನ್ನು ವಸೂಲು ಮಾಡಲು ಹೊರಟದ್ದು ಇವರ ಖಾತೆಗಳಿಂದಲೇ. ಹೆಸರನ್ನು ಎರವಲು ಕೊಟ್ಟವನಿಗೆ ಕೊನೆಗೆ ಉಳಿಯುವುದು ಸಾಲವೇ ಎಂಬುದಕ್ಕೆ ಇದು ಸಾಕಾದ ನಿದರ್ಶನ.

ಮೋಸವು ನಡೆಯುವ ಬಗೆ

ಮೊದಲನೆಯದು, ಎರವಲು ಹೆಸರು. ಕೃಷಿ ಉಪಕರಣಗಳಿಗೆ ಸಾಮಾನ್ಯ ವರ್ಗದವರಿಗೆ ಬೆಲೆಯಲ್ಲಿ ನೂರಕ್ಕೆ ಐವತ್ತರವರೆಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ತೊಂಬತ್ತರವರೆಗೂ ರಾಜ್ಯ ಸರ್ಕಾರದವರು ಸಹಾಯಧನ ಕೊಡುತ್ತ ಬಂದಿರುವರು. ಈ ವ್ಯತ್ಯಾಸದ ಆಸೆಗೆ ಸ್ಥಿತಿವಂತನು ತನ್ನ ಆಳಿನ ಹೆಸರಿನಲ್ಲಿ ಉಪಕರಣವನ್ನು ತರಿಸಿ ತನ್ನ ಕೊಟ್ಟಿಗೆಯಲ್ಲಿ ಇರಿಸಿಕೊಂಡರೆ, ದಾಖಲೆಯಲ್ಲಿ ಪಡೆದವನು ಆಳೇ ಆಗುವನು. ಮುಂದೆ ಅವನು ತನಗಾಗಿ ಅರ್ಜಿ ಹಾಕಿದಾಗ ಆ ದಾಖಲೆಯೇ ಅಡ್ಡಬರುವುದು.

ಎರಡನೆಯದು, ಸತ್ತವರ ಹೆಸರಿನಲ್ಲಿ ಉಳಿದ ಪಹಣಿ. ಅಜ್ಜನ ಹೆಸರಿನಿಂದ ಮೊಮ್ಮಗನಿಗೆ ಪೌತಿ ಖಾತೆಯಾಗದಿದ್ದರೆ, ಉಳುವವನು ಪಟ್ಟಿಯಿಂದ ಹೊರಗುಳಿಯುವನು. ದಲ್ಲಾಳಿಗೆ ಅಲ್ಲಿಯೇ ಎಡೆ ಸಿಕ್ಕುವುದು.

ಮೂರನೆಯದು, ಮೊಬೈಲಿನ ಮೋಸ. ಕಂತಿನ ಹಣ ಬಂದಿದೆಯೆಂದು ಸುದ್ದಿ ಕಳುಹಿಸಿ, ಓಟಿಪಿ ಸಂಖ್ಯೆಯನ್ನು ಕೇಳಿ ಖಾತೆಯನ್ನು ಬರಿದುಮಾಡುವವರು ಇರುವರು.

ತಡೆಯುವ ಕ್ರಮ

೧. ಫಲಾನುಭವಿಗಳ ಗ್ರಾಮವಾರು ಪಟ್ಟಿಯು ಯೋಜನೆಯ ಜಾಲತಾಣದಲ್ಲಿ ಎಲ್ಲರಿಗೂ ದೊರೆಯುವುದು. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸತಕ್ಕದ್ದು. ಸತ್ತವರ, ಊರು ಬಿಟ್ಟವರ, ಭೂಮಿಯಿಲ್ಲದವರ ಹೆಸರುಗಳು ಆಗಲೇ ತಿಳಿದುಬರುವುವು.

೨. ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿಸಿ, ಬಳಿಕ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಮಾಡಿಸತಕ್ಕದ್ದು.

೩. ಖಾಲಿ ಕಾಗದಕ್ಕೆ ರುಜುವನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಕೂಡದು. ಆಧಾರ್ ಪ್ರತಿಯ ಮೇಲೆ ಅದು ಯಾವ ಕೆಲಸಕ್ಕೆಂಬುದನ್ನೂ ತಾರೀಖನ್ನೂ ಬರೆದು ಕೊಡುವುದು ಒಳ್ಳೆಯದು.

೪. ಅರ್ಹತೆಯಿಲ್ಲದೆ ತಿಳಿಯದೆ ಹಣ ಪಡೆದವರು ತಾವಾಗಿಯೇ ಅದನ್ನು ಹಿಂದಿರುಗಿಸಲು ಅವಕಾಶವುಂಟು. ಮಾನವಂತರಿಗೆ ಇದೇ ದಾರಿ.

ತಿಳಿಸುವ ಕ್ರಮ

ಸಂಶಯ ಬಂದಾಗ ಮೊದಲು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಗ್ರಾಮ, ಸರ್ವೆ ನಂಬರು, ಯೋಜನೆ, ಕಂಡ ಸಂಗತಿ ಇಷ್ಟಿದ್ದರೆ ಸಾಕು. ಕೇಳಿದ ಮಾತನ್ನು ಕಂಡ ಮಾತೆಂದು ಬರೆಯಬಾರದು. ಕಾಗದಗಳು ಬೇಕಾದಲ್ಲಿ ೨೦೦೫ನೆಯ ಇಸವಿಯ ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳಬಹುದು. ಸಾಮಾನ್ಯವಾಗಿ ೩೦ ದಿನಗಳೊಳಗೆ ಉತ್ತರ ಬರತಕ್ಕದ್ದು. ಲಂಚದ ವಿಷಯವಾದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬೇಕು. ೨೦೧೮ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಲಂಚ ಕೊಟ್ಟವನೂ ಅಪರಾಧಿಯೇ. ಬಲವಂತಕ್ಕೆ ಒಳಗಾಗಿ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಅವನಿಗೆ ರಕ್ಷಣೆಯುಂಟು. ಮೊಬೈಲಿನಿಂದ ಹಣ ಹೋದರೆ ಆ ಕ್ಷಣವೇ ೧೯೩೦ ಸಂಖ್ಯೆಗೆ ಕರೆ ಮಾಡತಕ್ಕದ್ದು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ನೆರೆಯವನ ಮೇಲೆ ದೂರು ಹೇಳುವುದು ಹಗೆತನವೆಂದು ಅನೇಕರು ಹಿಂಜರಿಯುವುದು ಸಹಜ. ಆದುದರಿಂದ ಪಟ್ಟಿಯನ್ನು ವರ್ಷಕ್ಕೊಮ್ಮೆ ಎಲ್ಲರೆದುರು ಓದಿಸುವ ಪದ್ಧತಿಯೇ ಉತ್ತಮ. ಅದರಲ್ಲಿ ಒಬ್ಬರನ್ನು ಬೆರಳಿಟ್ಟು ತೋರಿಸಬೇಕಾದ ಪ್ರಮೇಯವಿಲ್ಲ. ಯಜಮಾನರು ಮೊದಲು ತಮ್ಮ ಮನೆಯವರ ಹೆಸರುಗಳನ್ನೇ ಓದಿಸಿದರೆ ಉಳಿದವರ ಸಂಕೋಚವೂ ನೀಗುವುದು.