ಕಿಂಡರ್ ಬೆಟ್ಟಕ್ಕೊಂದು ಪ್ರದಕ್ಷಿಣೆ

ವಾರಕ್ಕೊಮ್ಮೆ ದೊರೆಯುವ ಬಿಡುವಿನ ಬೆಲೆಯನ್ನು ದುಡಿದು ಬದುಕುವವನೇ ಬಲ್ಲನು. ಆರು ದಿನ ಒಲೆಯ ಮುಂದೆಯೋ, ಗಲ್ಲಾಪೆಟ್ಟಿಗೆಯ ಹಿಂದೆಯೋ, ಕಡತಗಳ ನಡುವೆಯೋ ಕಳೆದವನಿಗೆ ಏಳನೆಯ ದಿನ ಸ್ವಲ್ಪ ಬಯಲು, ಸ್ವಲ್ಪ ಗಾಳಿ, ಮನಸ್ವೀ ನಡೆಯಲು ಒಂದಿಷ್ಟು ದಾರಿ ಬೇಕೆನಿಸುವುದು ಸಹಜ. ಇಂಗ್ಲೆಂಡಿನ ಒಂದು ಬೆಟ್ಟದಲ್ಲಿ ಅಂತಹ ದಾರಿಯೊಂದಿದೆ. ಅದು ರಮಣೀಯವಾದುದು ಎಂಬುದು ಅದರ ಅರ್ಧ ಕಥೆ; ಅಲ್ಲಿ ನಡೆಯುವುದಕ್ಕಾಗಿ ದುಡಿಯುವ ಜನ ಸೆರೆಮನೆಯನ್ನೂ ಕಂಡರು ಎಂಬುದು ಉಳಿದರ್ಧ. ಆ ಬೆಟ್ಟವನ್ನು ಇಂದು ವಾಚಕರೊಡನೆ ಒಮ್ಮೆ ಸುತ್ತಿ ಬರೋಣವೆಂದು ನಮ್ಮ ಆಸೆ.

ಬೆಟ್ಟದ ಹೆಸರು ಕಿಂಡರ್ ಸ್ಕೌಟ್. ಇರುವುದು ಡರ್ಬಿಶೈರಿನಲ್ಲಿ. ಅದರ ಪಶ್ಚಿಮಕ್ಕೆ, ನಮ್ಮ ಹಿರಿಯರು ಬಟ್ಟೆಯ ಹೆಸರಿನಿಂದಲೇ ಬಲ್ಲ ಮ್ಯಾಂಚೆಸ್ಟರ್ ನಗರ; ಪೂರ್ವಕ್ಕೆ ಉಕ್ಕಿಗೆ ಹೆಸರಾದ ಶೆಫೀಲ್ಡ್ ನಗರ. ಬೆಟ್ಟದ ಎತ್ತರ 636 ಮೀಟರ್, ಎಂದರೆ 2,087 ಅಡಿ. ನಮ್ಮ ಆಗುಂಬೆಯ ಎತ್ತರವೂ ಹೆಚ್ಚುಕಡಿಮೆ ಇಷ್ಟೇ. ಚೂಪಾದ ಶಿಖರ ಇದಕ್ಕಿಲ್ಲ. ನೆತ್ತಿಯ ಮೇಲೆ ಮೈಲುಗಟ್ಟಲೆ ಹರಡಿದ ಬೋಳು ಬಯಲು, ಅದರ ಸುತ್ತ ಒರಟು ಮರಳುಗಲ್ಲಿನ ಅಂಚು. ಈ ಕಲ್ಲಿನಿಂದಲೇ ಹಿಂದೆ ಆ ಸೀಮೆಯವರು ಬೀಸುವ ಕಲ್ಲುಗಳನ್ನು ಕಡೆಯುತ್ತಿದ್ದರು.

ನಮ್ಮ ಪ್ರದಕ್ಷಿಣೆ ಆರಂಭವಾಗುವುದು ಪಶ್ಚಿಮದ ತಪ್ಪಲಿನ ಹೇಫೀಲ್ಡ್ ಎಂಬ ಹಳ್ಳಿಯಿಂದ. ಒಟ್ಟು ಸುಮಾರು 9 ಮೈಲುಗಳ ದಾರಿ. ನಿಂತು ನೋಡುತ್ತ ನಡೆದರೆ ಐದಾರು ಗಂಟೆ ಹಿಡಿಯುತ್ತದೆ. ಹಳ್ಳಿಯಿಂದ ಹೊಳೆಯ ಪಕ್ಕದಲ್ಲಿ ಅರ್ಧ ಮೈಲಿನಷ್ಟು ಹೋದರೆ ಬೌಡನ್ ಬ್ರಿಜ್ ಎಂಬಲ್ಲಿ ಹಳೆಯದೊಂದು ಕಲ್ಲುಗಣಿ ಸಿಗುತ್ತದೆ. ಅದರ ಬಂಡೆಯ ಮೇಲೊಂದು ಫಲಕವಿದೆ. ದಾರಿಹೋಕನು ಇಲ್ಲಿ ಸ್ವಲ್ಪ ನಿಲ್ಲಬೇಕು.

ಹಿಂದೆ ಊರವರ ದನಕುರಿಗಳು ಮೇಯುತ್ತಿದ್ದ ಈ ಗುಡ್ಡಗಾಡು 19ನೆಯ ಶತಮಾನದಲ್ಲಿ ದೊಡ್ಡ ಜಮೀನುದಾರರ ಖಾಸಗಿ ಸ್ವತ್ತಾಯಿತು. ಇಲ್ಲಿ ಗ್ರೌಸ್ ಎಂಬ ಹಕ್ಕಿಯನ್ನು ಕಾಪಾಡಿ, ಆಗಸ್ಟ್ 12ರಿಂದ ಮೊದಲಾಗುವ ಋತುವಿನಲ್ಲಿ ಬೇಟೆಯಾಡುವುದು ಸಿರಿವಂತರ ವಿನೋದವಾಗಿತ್ತು. ಉಳಿದ ದಿನಗಳಲ್ಲೂ ಹಕ್ಕಿಗಳಿಗೆ ತೊಂದರೆಯಾದೀತೆಂದು ಕಾವಲುಗಾರರು ದೊಣ್ಣೆ ಹಿಡಿದು ಜನರನ್ನು ಅಟ್ಟುತ್ತಿದ್ದರು. ಇತ್ತ ಗಿರಣಿಗಳ ಹೊಗೆಯಲ್ಲಿ ವಾರವಿಡೀ ಬೆಂದ ಕೂಲಿಗಾರರಿಗೆ ಭಾನುವಾರ ಕಣ್ಣೆದುರಿಗೇ ಬೆಟ್ಟ ಕಾಣುತ್ತಿತ್ತು. ಕಾಲಿಡಲು ಅಪ್ಪಣೆ ಇರಲಿಲ್ಲ.

1932ರ ಏಪ್ರಿಲ್ 24, ಭಾನುವಾರ. ಈ ಕಲ್ಲುಗಣಿಯಲ್ಲಿ ಸುಮಾರು 400 ಮಂದಿ ಸೇರಿದರು. ಹೆಚ್ಚಿನವರು ಮ್ಯಾಂಚೆಸ್ಟರಿನ ಕಡೆಯ ಯುವಕ ಯುವತಿಯರು. ಬೆನ್ನಿ ರಾತ್‌ಮನ್ ಎಂಬ 20 ವರ್ಷದ ತರುಣ ಬಂಡೆಯನ್ನೇರಿ ಮಾತಾಡಿದನು. ಮೋಟಾರು ದುರಸ್ತಿಯ ಕೆಲಸ ಬಲ್ಲ ಅವನಿಗೆ ಆಗ ಉದ್ಯೋಗವಿರಲಿಲ್ಲ. ಬಳಿಕ ಎಲ್ಲರೂ ಹಾಡುತ್ತ ಬೆಟ್ಟ ಹತ್ತಿದರು.

ಅವರು ಹಿಡಿದ ದಾರಿಯನ್ನೇ ನಾವೂ ಹಿಡಿಯೋಣ. ಮೊದಲು ಎಡಬಲಗಳಲ್ಲಿ ಗಾರೆಯಿಲ್ಲದೆ ಬರಿಯ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು, ಅವುಗಳಾಚೆ ಕುರಿ ಮೇಯುವ ಹಸುರು ಹೊಲಗಳು. ಏರು ಮುಗಿದೊಡನೆ ಕೆಳಗೆ ಕಿಂಡರ್ ಜಲಾಶಯದ ನೀರು ಹೊಳೆಯುತ್ತದೆ. ಜಲಾಶಯದ ತುದಿಯಲ್ಲಿ ದಾರಿ ವಿಲಿಯಮ್ ಕ್ಲಫ್ ಎಂಬ ಇಕ್ಕಟ್ಟಾದ ಕಣಿವೆಯನ್ನು ಹೊಗುತ್ತದೆ. ಚಿಕ್ಕದೊಂದು ತೊರೆಯನ್ನು ಅತ್ತಿಂದಿತ್ತ ಹಲವು ಬಾರಿ ದಾಟುತ್ತ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಏರಬೇಕು. ಬೇಸಿಗೆಯ ಕೊನೆಯಲ್ಲಿ ಇಕ್ಕೆಲದ ಇಳಿಜಾರುಗಳಲ್ಲಿ ಹೆದರ್ ಎಂಬ ಕುರುಚಲು ಗಿಡ ಹೂಬಿಟ್ಟು, ಗುಡ್ಡಕ್ಕೆ ನೇರಳೆ ಬಣ್ಣದ ಕಂಬಳಿ ಹೊದಿಸಿದಂತೆ ಕಾಣುತ್ತದೆ.

ಈ ಕಣಿವೆಯ ಮೇಲಿನ ಇಳಿಜಾರಿನಲ್ಲಿಯೇ ಅಂದು ಕಾವಲುಗಾರರು ಎದುರಾದರು. ತಳ್ಳಾಟವಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಆದರೂ ಜನ ಹಿಮ್ಮೆಟ್ಟದೆ ಮೇಲೇರಿ, ಶೆಫೀಲ್ಡಿನ ಕಡೆಯಿಂದ ಬಂದವರನ್ನು ಕೂಡಿಕೊಂಡು, ವಿಜಯೋತ್ಸಾಹದಿಂದ ಇಳಿದರು. ಕೆಳಗೆ ಪೊಲೀಸರು ಕಾದಿದ್ದರು. ಆರು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಬೆಟ್ಟ ಹತ್ತಿದ್ದು ಆ ದೇಶದ ಕಾನೂನಿನಲ್ಲಿ ದಂಡನೀಯ ಅಪರಾಧವಾಗಿರಲಿಲ್ಲ. ಆದುದರಿಂದ ದೊಂಬಿಯ ಆರೋಪ ಹೊರಿಸಿದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸಜೆಯಾಯಿತು. ರಾತ್‌ಮನ್‌ನ ಪಾಲಿಗೆ ಬಂದದ್ದು ನಾಲ್ಕು ತಿಂಗಳು. ನಡಿಗೆಗಾರರ ಹಳೆಯ ಸಂಘದವರೇ ಈ ಸಾಹಸವನ್ನು ಮೊದಲು ಮೆಚ್ಚಿರಲಿಲ್ಲ. ಆದರೆ ಶಿಕ್ಷೆಯ ಕಾಠಿಣ್ಯವನ್ನು ಕಂಡು ಲೋಕಾಭಿಪ್ರಾಯ ಸೆರೆಯಾಳುಗಳ ಕಡೆಗೆ ವಾಲಿತು.

ಕಣಿವೆಯ ತಲೆಯಲ್ಲಿ ಬಲಕ್ಕೆ ತಿರುಗಿ ಕಡಿದಾದ ಮೆಟ್ಟಿಲುದಾರಿಯನ್ನೇರಿದರೆ ಬೆಟ್ಟದ ಅಂಚನ್ನು ಸೇರುತ್ತೇವೆ. ಇನ್ನು ಬಹುದೂರ ಸಮದಾರಿ. ಎಡಕ್ಕೆ ಪೀಟ್ ಎಂಬ ಕಪ್ಪು ಜೌಗು ಮಣ್ಣಿನ ಬಯಲು. ಬಲಕ್ಕೆ ಆಳದಲ್ಲಿ ನಾವು ಬಿಟ್ಟುಬಂದ ಜಲಾಶಯ. ದೂರದಲ್ಲಿ, ದಿನ ತಿಳಿಯಾಗಿದ್ದರೆ, ಮ್ಯಾಂಚೆಸ್ಟರಿನ ಎತ್ತರದ ಕಟ್ಟಡಗಳು. ಮುಂದೆ ಕಿಂಡರ್ ಡೌನ್‌ಫಾಲ್ ಎಂಬ ಜಲಪಾತ. ಎತ್ತರ ಸುಮಾರು 30 ಮೀಟರ್ ಮಾತ್ರ. ಜೋಗವನ್ನು ಕಂಡವರಿಗೆ ಅದು ಮಗುವಿನಂತೆ ತೋರಬಹುದು. ಆದರೆ ಅದರ ಆಟವೇ ಬೇರೆ. ಪಶ್ಚಿಮದ ಗಾಳಿ ಬಲವಾಗಿ ಬೀಸಿದಾಗ ಬೀಳುವ ನೀರು ನೆಲವನ್ನು ಮುಟ್ಟದೆ ತುಂತುರಾಗಿ ಮತ್ತೆ ಮೇಲಕ್ಕೇ ಹಾರುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ನಿಲ್ಲುವುದೂ ಉಂಟು. ಚಳಿಗಾಲದಲ್ಲಿ ಬಿಳಿಯ ಬಣ್ಣ ತಳೆಯುವ ಬೆಟ್ಟದ ಮೊಲವೂ ಈ ಬಯಲಿನ ನಿವಾಸಿ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಮಂಜು ಕವಿದರೆ ಗುರುತಿಗೆ ಒಂದು ಮರವೂ ಸಿಗದ ಈ ಬಯಲಿನಲ್ಲಿ ಬಲ್ಲವರೂ ದಿಕ್ಕು ತಪ್ಪುತ್ತಾರೆ. ಭೂಪಟ, ದಿಕ್ಸೂಚಿ, ಬೆಚ್ಚನೆಯ ಅಂಗಿ ಬೇಸಿಗೆಯಲ್ಲೂ ಜೊತೆಗಿರಬೇಕು.

ಬೆಟ್ಟಕ್ಕೂ ಒಂದು ಗಾಯವಿದೆ. ಸುತ್ತಲ ನಗರಗಳ ಗಿರಣಿಯ ಹೊಗೆ ಮಳೆಯೊಡನೆ ಇಳಿದು, ಜೌಗನ್ನು ಹಿಡಿದಿಟ್ಟಿದ್ದ ಹಾವಸೆಯನ್ನು ಕೊಂದಿತು. ಬರಿದಾದ ಮಣ್ಣು ಕೊಚ್ಚಿಹೋಯಿತು. ಕೂಲಿಗಾರನ ಎದೆಯನ್ನು ಸುಟ್ಟ ಹೊಗೆಯೇ ಅವನು ಆಸರೆ ಬಯಸಿದ ಬೆಟ್ಟವನ್ನೂ ಸುಟ್ಟಿತು. 1982ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕಿಂಡರನ್ನು ಕೊಂಡುಕೊಂಡಿತು. ಅನಂತರದ ವರ್ಷಗಳಲ್ಲಿ ಕೊರಕಲುಗಳಿಗೆ ಅಡ್ಡಗಟ್ಟೆ ಹಾಕಿ, ಹಾವಸೆಯನ್ನು ಮತ್ತೆ ನೆಟ್ಟು, ಬೆಟ್ಟಕ್ಕೆ ಹಸುರು ಮರಳಿಸುವ ಕೆಲಸ ನಡೆದಿದೆ.

ಜಲಪಾತದಿಂದ ದಕ್ಷಿಣಕ್ಕೆ ನಡೆದು, ಗಾಳಿಮಳೆ ಕೊರೆದು ವಿಚಿತ್ರಾಕಾರ ತಳೆದ ಬಂಡೆಗಳ ನಡುವೆ ಕಿಂಡರ್ ಲೋ ಎಂಬ ಎತ್ತರವನ್ನು ದಾಟಿ, ಎಡೇಲ್ ಕ್ರಾಸ್ ಎಂಬ ಮಧ್ಯಯುಗದ ಶಿಲುಬೆಗಲ್ಲಿನ ಬಳಿ ಪಶ್ಚಿಮಕ್ಕೆ ತಿರುಗಿದರೆ ದಾರಿ ಹೊಲಗಳ ನಡುವೆ ಇಳಿದು, ಹೊರಟ ಕಲ್ಲುಗಣಿಗೇ ನಮ್ಮನ್ನು ತಂದು ಬಿಡುತ್ತದೆ.

ಸೆರೆಗೆ ಹೋದವರ ಶ್ರಮ ಫಲಿಸಲು ಕಾಲ ಹಿಡಿಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದಿತು. 1951ರಲ್ಲಿ ಈ ಪ್ರದೇಶವೇ ಬ್ರಿಟನ್ನಿನ ಮೊತ್ತಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಎಡೇಲಿನಿಂದ ಸ್ಕಾಟ್ಲೆಂಡಿನವರೆಗಿನ 268 ಮೈಲುಗಳ ಪೆನೈನ್ ಕಾಲುದಾರಿ 1965ರಲ್ಲಿ ತೆರೆಯಿತು. ಆ ದಿನವೂ ಏಪ್ರಿಲ್ 24 ಆಗಿತ್ತು. 2000ದ ಕಾನೂನು ಬೆಟ್ಟ ಬಯಲುಗಳಲ್ಲಿ ಸ್ವೇಚ್ಛೆಯಾಗಿ ನಡೆಯುವ ಹಕ್ಕನ್ನು ಕೊಟ್ಟಿತು. 2002ರಲ್ಲಿ, ಘಟನೆಯ 70ನೆಯ ವರ್ಷದ ಸ್ಮರಣೆಯ ದಿನ, ಅಂದಿನ ಡೆವನ್‌ಶೈರ್ ಡ್ಯೂಕರು ಅದೇ ಬೌಡನ್ ಬ್ರಿಜ್‌ಗೆ ಬಂದು ತಮ್ಮ ಅಜ್ಜನ ಕಾಲದಲ್ಲಿ ನಡೆದುದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದನ್ನು ಕೇಳಲು ರಾತ್‌ಮನ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅವರು ತೀರಿಕೊಂಡಿದ್ದರು. ಹಾಗೆ ನೋಡಿದರೆ, ಸ್ವೇಚ್ಛೆಯಾಗಿ ನಡೆಯಬಹುದಾದ ನೆಲ ಇಂಗ್ಲೆಂಡಿನಲ್ಲಿ ಈಗಲೂ ನೂರಕ್ಕೆ ಸುಮಾರು 8 ಪಾಲು ಮಾತ್ರ.

ಇಂದು ಆ ದಾರಿಯಲ್ಲಿ ಯಾರೂ ನಮ್ಮನ್ನು ತಡೆಯುವುದಿಲ್ಲ. ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬರುತ್ತವೆ. ಮುದುಕರು ಕೋಲೂರಿ ಹತ್ತುತ್ತಾರೆ. ಸಂಜೆ ಹೇಫೀಲ್ಡಿಗೆ ಇಳಿದು ಬಿಸಿ ಚಹದ ಮುಂದೆ ಕುಳಿತವರಲ್ಲಿ ಎಷ್ಟು ಮಂದಿಗೆ ಹಳೆಯ ಕಥೆ ನೆನಪಿದೆಯೋ ತಿಳಿಯದು. ನೆನಪಿರಲಿ, ಇಲ್ಲದಿರಲಿ, ಅವರ ಭಾನುವಾರವನ್ನು ಐವರು ತರುಣರು ತಮ್ಮ ತಿಂಗಳುಗಳನ್ನು ತೆತ್ತು ಕೊಂಡುಕೊಟ್ಟರು.